ಆ ಕೆಂಪು ಮುಚ್ಚಳವನ್ನು ಮುಂದಕ್ಕೆ ತನ್ನಿ

ಮಾನ್ಯ ಲೇಖಕರೇ,

2021ರ ನವೆಂಬರ್ 17ರಂದು ಮೆಡಿಟರೇನಿಯನ್ ಸಮುದ್ರದಲ್ಲಿ, ಬ್ರಿಟನ್ನಿನ ವಿಮಾನವಾಹಕ ನೌಕೆ ಎಚ್‌ಎಂಎಸ್ ಕ್ವೀನ್ ಎಲಿಜಬೆತ್‌ನಿಂದ ಹೊರಟ ಎಫ್-35ಬಿ ಯುದ್ಧವಿಮಾನ ನೀರಿಗೆ ಬಿದ್ದುದರ ಕುರಿತು ನೀವು ಕಳುಹಿಸಿದ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು.

ವಿಮಾನವನ್ನು ಕ್ಯಾಟಪಲ್ಟ್ ಯಂತ್ರ ಮುಂದಕ್ಕೆ ಎಸೆಯಿತೆಂದು ಬರೆದಿದ್ದೀರಿ. ಆ ನೌಕೆಯಲ್ಲಿ ಕ್ಯಾಟಪಲ್ಟ್ ಇಲ್ಲವೇ ಇಲ್ಲ. ವಿಮಾನ ತನ್ನ ಬಲದಿಂದಲೇ ಓಡಿ, ಡೆಕ್ಕಿನ ತುದಿಯಲ್ಲಿ ಮೇಲಕ್ಕೆ ಬಾಗಿರುವ ಸ್ಕೀ-ಜಂಪ್ ಏರನ್ನು ಹತ್ತಿ ಗಾಳಿಗೇರುತ್ತದೆ. ಇರುವ ಒಂದೇ ಎಂಜಿನ್ ಅದಕ್ಕೆ ಪೂರ್ತಿ ಆಧಾರವೆಂಬುದು ಓದುಗನಿಗೆ ಮೊದಲೇ ತಿಳಿಯದಿದ್ದರೆ, ಆ ಎಂಜಿನ್ನಿನ ಶಕ್ತಿ ಕುಂದಿದ್ದು ಎಂಥ ಅನಾಹುತವೆಂಬುದೂ ತಿಳಿಯುವುದಿಲ್ಲ. (ಕಾರವಾರದ ನೌಕಾನೆಲೆಯ ಐಎನ್‌ಎಸ್ ವಿಕ್ರಮಾದಿತ್ಯಕ್ಕೂ ಇಂಥದೇ ಏರು ಇದೆ. ಅದನ್ನು ಕಣ್ಣಾರೆ ಕಂಡ ಓದುಗರು ನಮಗಿದ್ದಾರೆ, ಅವರು ಸುಮ್ಮನೆ ಬಿಡುವವರಲ್ಲ.)

ವಿಮಾನದ ಬೆಲೆ, ವೇಗಗಳಿಗೆ ಮೂರು ಪುಟ ವ್ಯಯಿಸಿ, ಅಪಘಾತದ ಕಾರಣವನ್ನು ಆರನೆಯ ಪುಟದ ಒಂದು ವಾಕ್ಯಕ್ಕೆ ತಳ್ಳಿದ್ದೀರಿ. ಹಾರಾಟಕ್ಕೆ ಮುನ್ನ ತೆಗೆಯಲೇಬೇಕಿದ್ದ ಎಡಬದಿಯ ಗಾಳಿದ್ವಾರದ ಕೆಂಪು ಮುಚ್ಚಳ ಯಾರ ಕಣ್ಣಿಗೂ ಬೀಳದೆ ಒಳಗೇ ಉಳಿದು, ಎಂಜಿನ್ನಿಗೆ ಹೋಗುವ ಗಾಳಿಯನ್ನು ತಡೆದಿರಬೇಕೆಂದು 2023ರಲ್ಲಿ ಹೊರಬಂದ ತನಿಖಾ ವರದಿ ಹೇಳುತ್ತದೆ. ನಿಮ್ಮ ಕಥನದ ಜೀವ ಇರುವುದೇ ಇಲ್ಲಿ. ವೇಗ ಸಾಲದೆಂದು ಪೈಲಟ್‌ಗೆ ಅರಿವಾದದ್ದು, ನಿಲ್ಲಿಸಲು ಯತ್ನಿಸಿದರೂ ಡೆಕ್ಕಿನಲ್ಲಿ ಅಷ್ಟು ಜಾಗ ಉಳಿಯದೇ ಹೋದದ್ದು, ಆಸನಸಮೇತ ಹೊರಚಿಮ್ಮಿದ ಆತ ಪ್ಯಾರಾಚೂಟ್‌ನಲ್ಲಿ ಮತ್ತೆ ಅದೇ ಡೆಕ್ಕಿನ ಅಂಚಿಗೆ ಇಳಿದದ್ದು, ಇವನ್ನು ಅವಸರವಿಲ್ಲದೆ, ಒಂದಾದ ಮೇಲೊಂದರಂತೆ ಬರೆಯಿರಿ. ಅಲ್ಲಿ ‘ವೀರೋಚಿತ’ ಎಂಬ ವಿಶೇಷಣ ನಿಮಗೆ ಬೇಕಾಗದು.

‘ಕಡಲರಾಜ ಉಕ್ಕಿನ ಹಕ್ಕಿಯನ್ನು ನುಂಗಿದ’ ಎಂಬ ನಿಮ್ಮ ಮುಕ್ತಾಯವಂತೂ ಅಲಂಕಾರವಾಗಿ ಹಳತು, ಸಂಗತಿಯಾಗಿ ಸುಳ್ಳು. ವಿಮಾನದ ರಹಸ್ಯ ತಂತ್ರಜ್ಞಾನ ಪರರ ಪಾಲಾಗಬಾರದೆಂದು ಮರುತಿಂಗಳೇ ಅದರ ಅವಶೇಷವನ್ನು ಸಮುದ್ರತಳದಿಂದ ಮೇಲೆತ್ತಲಾಯಿತು. ಹಾಗೆಯೇ, ಎಲ್ಲವನ್ನೂ ‘ಒಬ್ಬ ಮೆಕ್ಯಾನಿಕ್‌ನ ಅಸಡ್ಡೆ’ಗೆ ಕಟ್ಟಿದ್ದೀರಿ. ಅಂಥ ತನಿಖೆಗಳ ಕೆಲಸ ವ್ಯಕ್ತಿಯೊಬ್ಬನ ಮೇಲೆ ದೋಷ ಹೊರಿಸುವುದಲ್ಲ. ತೆಗೆದ ಮುಚ್ಚಳಗಳ ಲೆಕ್ಕ ಇಡುವ ವ್ಯವಸ್ಥೆ ಹೇಗಿತ್ತು, ತಪಾಸಣೆ ಎಲ್ಲಿ ಸಡಿಲವಾಯಿತು ಎಂದು ನೀವೂ ಕೇಳಬೇಕಿತ್ತು.

ಮುಚ್ಚಳದಿಂದಲೇ ಆರಂಭಿಸಿ, ಬೆಲೆ-ವೇಗಗಳ ವಿವರವನ್ನು ಅರ್ಧ ಪುಟಕ್ಕೆ ಇಳಿಸಿ, ಒಂಬೈನೂರು ಪದಗಳೊಳಗೆ ಬರೆದು ಕಳುಹಿಸಿದರೆ ಖಂಡಿತ ಮತ್ತೆ ಓದುತ್ತೇನೆ. ಶತ್ರುದೇಶದ ಕೈವಾಡವಿರಬಹುದೆಂಬ ಊಹೆಯ ಪುಟವನ್ನು ಮಾತ್ರ ಅದರೊಂದಿಗೆ ಸೇರಿಸಬೇಡಿ.

ಸಂಪಾದಕ