ಟೊರಾಂಟೊದಲ್ಲಿರುವ ಸಾಕ್ಷಿ, ಮಡಿಕೇರಿಯಲ್ಲಿರುವ ಕೇಸು
ತೋಟದ ಪಾಲಿನ ಕೇಸಿಗೆ ಟೊರಾಂಟೊದಲ್ಲಿರುವ ನಿಮ್ಮ ಚಿಕ್ಕಪ್ಪ ಮಡಿಕೇರಿಗೇ ಬಂದು ಸಾಕ್ಷಿ ಹೇಳಬೇಕಾ ಅಂತ ಕೇಳಿದ್ದೀರಿ. ಬೇಕಿಲ್ಲ. ವಿಡಿಯೊ ಕಾನ್ಫರೆನ್ಸ್ ಮೂಲಕ ಸಾಕ್ಷ್ಯ ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ವಕೀಲರಿಂದ ಅರ್ಜಿ ಹಾಕಿಸಿ. ಮನೆಯಲ್ಲಿ ಸುಮ್ನೆ ಫೋನ್ ಹಿಡಿದು ಮಾತಾಡಿದರೆ ಸಾಲದು. ಸಾಮಾನ್ಯವಾಗಿ ಅಲ್ಲಿನ ಭಾರತೀಯ ದೂತಾವಾಸದ ಅಧಿಕಾರಿ ಜೊತೆಗಿರಬೇಕು. ಅವರ ಬಿಡುವು ಕೇಳಿಯೇ ದಿನ ಗೊತ್ತು ಮಾಡಿ.

ಗಡಿಯಾರವನ್ನೂ ನೋಡಿ. ಚಳಿಗಾಲದಲ್ಲಿ ಇಲ್ಲಿ ಬೆಳಿಗ್ಗೆ 11 ಅಂದ್ರೆ ಅಲ್ಲಿ ರಾತ್ರಿ 12:30. ವಯಸ್ಸಾದವರನ್ನು ಆ ಹೊತ್ತಿನಲ್ಲಿ ಪಾಟೀಸವಾಲಿಗೆ ಕೂರಿಸುವುದು ತಪ್ಪಲ್ವಾ? ಇಲ್ಲಿ ಸಂಜೆ 6:30ಕ್ಕೆ, ಅಂದ್ರೆ ಅಲ್ಲಿ ಬೆಳಿಗ್ಗೆ 8ಕ್ಕೆ, ಇಡಿಸಲು ಕೋರ್ಟನ್ನೇ ಕೇಳಿ. ಜುಲೈ ಮಾತ್ರ ಬೇಡ. ಆ ಮಳೆಯಲ್ಲಿ ನಮ್ಮ ಕರೆಂಟು, ನೆಟ್‌ವರ್ಕ್ ನೆಚ್ಚುವ ಹಾಗಿಲ್ಲ. ಪಹಣಿ, ಪಾಲುಪಟ್ಟಿ ಪ್ರತಿಗಳಿಗೆ ಪುಟ ನಂಬರ್ ಹಾಕಿ ಮೊದಲೇ ಕಳಿಸಿ.