ದಶಪಥ ಹೆದ್ದಾರಿ ಇರುವಾಗ ಪ್ಯಾಸೆಂಜರ್ ರೈಲಿಗೆ ಏಕೆ ಹಣ?

ಮೈಸೂರು–ಬೆಂಗಳೂರು ದಶಪಥ ಹೆದ್ದಾರಿ ಆದ ಮೇಲೆ ಜನರೆಲ್ಲ ಕಾರಿನಲ್ಲೇ ಓಡಾಡುತ್ತಿರುವಾಗ, ನಷ್ಟದಲ್ಲಿ ಓಡುವ ಪ್ಯಾಸೆಂಜರ್ ರೈಲುಗಳಿಗೆ ತೆರಿಗೆ ಹಣ ಸುರಿಯುವುದು ಸರಿಯೇ ಎಂದು ತಾವು ಕೇಳಿದ್ದೀರಿ. ನಾನು ಮಂಡ್ಯದವನು. ಹನ್ನೊಂದು ವರ್ಷ ಸೀಸನ್ ಪಾಸಿನಲ್ಲಿ ಬೆಂಗಳೂರಿಗೆ ಹೋಗಿಬಂದವನು, ಈಗ ಮನೆ ಮುಂದೆ ಒಂದು ಕಾರನ್ನೂ ನಿಲ್ಲಿಸಿಕೊಂಡಿರುವವನು. ಎರಡು ಕಡೆಯ ಋಣವೂ ನನ್ನ ಮೇಲಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹಣ ಹಾಕುವುದು ಸರಿ ಎಂಬುದೇ ನನ್ನ ಅಭಿಪ್ರಾಯ. ಆದರೆ ರೈಲಿನ ಹೆಸರಿನಲ್ಲಿ ಆಗುವ ಎಲ್ಲ ಖರ್ಚಿನ ಪರವಾಗಿಯೂ ನಾನು ವಕಾಲತ್ತು ವಹಿಸಲಾರೆ.

ನಷ್ಟದ ಮಾತು ಸುಳ್ಳಲ್ಲ. ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇ 57ರಷ್ಟನ್ನು ಮಾತ್ರ ರೈಲ್ವೆ ವಸೂಲು ಮಾಡುತ್ತದೆ ಎಂದು ಕೆಲವು ವರ್ಷ ಟಿಕೆಟ್ಟಿನ ಮೇಲೆಯೇ ಅಚ್ಚಾಗಿ ಬರುತ್ತಿತ್ತು. ಉಳಿದದ್ದನ್ನು ಬಹುಮಟ್ಟಿಗೆ ಗೂಡ್ಸ್ ಗಾಡಿಗಳ ಸಂಪಾದನೆ ತುಂಬಿಕೊಡುತ್ತದೆ. ಆದರೆ ಈ ನಷ್ಟ ನಮ್ಮ ಕಣ್ಣಿಗೆ ಇಷ್ಟು ಸ್ಪಷ್ಟವಾಗಿ ಬೀಳಲು ಒಂದು ಕಾರಣವಿದೆ. ಹಳಿ, ಸಿಗ್ನಲ್, ನಿಲ್ದಾಣ, ಬೋಗಿ, ಚಾಲಕನ ಸಂಬಳ ಎಲ್ಲವನ್ನೂ ಒಂದೇ ಸಂಸ್ಥೆ ನೋಡಿಕೊಳ್ಳುವುದರಿಂದ ಅದರ ಲೆಕ್ಕವೂ ಒಂದೇ ಪುಸ್ತಕದಲ್ಲಿರುತ್ತದೆ. ರಸ್ತೆಯ ಲೆಕ್ಕ ಹಾಗಲ್ಲ. ರಸ್ತೆ ಹೆದ್ದಾರಿ ಪ್ರಾಧಿಕಾರದ್ದು, ಅಲ್ಲಿನ ಗಸ್ತು ಪೊಲೀಸ್ ಇಲಾಖೆಯದ್ದು, ಅಪಘಾತವಾದರೆ ಆಂಬುಲೆನ್ಸ್ ಆರೋಗ್ಯ ಇಲಾಖೆಯದ್ದು, ಕಾರಿನ ಸಾಲದ ಕಂತು ನಮ್ಮ ಮನೆಯ ಖರ್ಚು. ಹೀಗೆ ಹತ್ತು ಕಡೆ ಹರಿದು ಹಂಚಿಹೋದದ್ದನ್ನು ಯಾರೂ ಕೂಡಿಸಿ ನೋಡುವುದಿಲ್ಲ.

118 ಕಿ.ಮೀ. ಉದ್ದದ ಈ ಹೆದ್ದಾರಿಗೆ ಆದ ವೆಚ್ಚ ಸುಮಾರು 8,480 ಕೋಟಿ ರೂಪಾಯಿ. 2023ರ ಮಾರ್ಚ್ 12ರಂದು ಪ್ರಧಾನಿಯವರು ನಮ್ಮ ಮಂಡ್ಯ ಜಿಲ್ಲೆಗೇ ಬಂದು ಅದನ್ನು ಉದ್ಘಾಟಿಸಿದರು. ಟೋಲ್ ಕಟ್ಟುವವರ ಹಣದಲ್ಲೇ ರಸ್ತೆಯಾಯಿತು ಎಂದು ಹಲವರು ತಿಳಿದಿದ್ದಾರೆ. ಇದನ್ನು ಕಟ್ಟಿದ್ದು ಹೈಬ್ರಿಡ್ ಆನ್ಯುಟಿ ಎಂಬ ಪದ್ಧತಿಯಲ್ಲಿ. ಅದರ ಪ್ರಕಾರ ನಿರ್ಮಾಣ ವೆಚ್ಚದ ಶೇ 40ರಷ್ಟನ್ನು ಕಾಮಗಾರಿ ನಡೆಯುವಾಗಲೇ ಸರ್ಕಾರ ಕೊಡುತ್ತದೆ, ಉಳಿದದ್ದನ್ನು ಗುತ್ತಿಗೆದಾರರು ಹಾಕಿ, ಮುಂದೆ ವರ್ಷಗಟ್ಟಲೆ ಕಂತುಗಳಲ್ಲಿ ಸರ್ಕಾರದಿಂದಲೇ ಮರಳಿ ಪಡೆಯುತ್ತಾರೆ. ಟೋಲ್ ಹಣ ಬರುವುದೂ ಸರ್ಕಾರದ ಕಡೆಗೇ. ಅದು ಕಡಿಮೆಯಾದರೂ ಗುತ್ತಿಗೆದಾರರ ಕಂತು ನಿಲ್ಲುವುದಿಲ್ಲ. ಇದನ್ನು ನಾನು ತಪ್ಪು ಎನ್ನುತ್ತಿಲ್ಲ. ರಸ್ತೆಗೆ ಹಾಕಿದ ಸಾರ್ವಜನಿಕ ಹಣ ಅಭಿವೃದ್ಧಿ ಎನಿಸಿಕೊಂಡು, ರೈಲಿಗೆ ಹಾಕಿದ್ದು ಮಾತ್ರ ನಷ್ಟ ಎನಿಸಿಕೊಳ್ಳುವುದನ್ನು ಒಪ್ಪಲಾರೆ, ಅಷ್ಟೆ.

ಇನ್ನು "ಜನರೆಲ್ಲ ಕಾರಿನಲ್ಲೇ" ಎಂಬ ಮಾತು. ಹೆದ್ದಾರಿಯ ಮೇಲೆ ನಿಂತು ನೋಡಿದವರಿಗೆ ಹಾಗೆ ಕಾಣುವುದು ಸಹಜ, ಏಕೆಂದರೆ 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವೇ ಇಲ್ಲ. ಸುರಕ್ಷತೆಯ ದೃಷ್ಟಿಯಿಂದ ಆ ನಿಷೇಧ ಬೇಕಾಗಿತ್ತು. ಆದರೆ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಮನೆಗೊಂದು ಇರುವುದು ಬೈಕು. ಆ ಮನೆಯವರಿಗೆ ದಶಪಥ ಎಂದರೆ ಸರ್ವಿಸ್ ರಸ್ತೆ ಮಾತ್ರ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಇವೆಲ್ಲಕ್ಕೂ ಬೈಪಾಸ್ ಆಗಿರುವುದರಿಂದ ಊರೊಳಗಿನ ಹೋಟೆಲಿನವರು, ಬೊಂಬೆ ಅಂಗಡಿಯವರು ಗಿರಾಕಿಗಳನ್ನು ಕಳೆದುಕೊಂಡರು. ರೈಲು ಈಗಲೂ ಊರಿನ ನಡುವೆಯೇ ಹಾದು, ಯಲಿಯೂರು, ಹನಕೆರೆಯಂಥ ಸಣ್ಣ ನಿಲ್ದಾಣಗಳಲ್ಲಿಯೂ ನಿಂತು ಹೋಗುತ್ತದೆ. (ಮದ್ದೂರು ವಡೆಯನ್ನು ಬಿಸಿಯಾಗಿ ತಿನ್ನಬೇಕೆಂದರೆ ಈಗಲೂ ರೈಲನ್ನೇ ನಂಬಬೇಕು ಎಂದು ನಮ್ಮ ಪಾಸಿನ ಗೆಳೆಯರು ಹೇಳುವುದುಂಟು, ಬಿಸಿಯ ವಿಷಯದಲ್ಲಿ ನನಗೆ ಸ್ವಲ್ಪ ಅನುಮಾನವಿದೆ.) ನಾವು ಕಾರನ್ನು ನೆಚ್ಚಿದ ಸೀಮೆಯಲ್ಲ, ಕಾರಿಗಾಗಿ ಯೋಜನೆ ಹಾಕಿಸಿಕೊಂಡ ಸೀಮೆ.

ರೈಲಿಗೆ ಹಣ ಹಾಕಬೇಕೇ ಎಂಬ ಪ್ರಶ್ನೆ ಈ ಮಾರ್ಗಕ್ಕೆ ಹೊಸದೂ ಅಲ್ಲ. 1876–78ರ ಭೀಕರ ಬರದ ಕಾಲದಲ್ಲಿ, ಬೊಕ್ಕಸ ಬರಿದಾಗಿದ್ದಾಗ, ಬರಪರಿಹಾರದ ಕೆಲಸವಾಗಿ ಈ ದಾರಿಗೆ ಮಣ್ಣು ಹಾಕಲಾಯಿತು. ರಂಗಾಚಾರ್ಲು ಅವರು ದಿವಾನರಾಗಿದ್ದಾಗ, 1882ರ ಹೊತ್ತಿಗೆ ಹಳಿ ಮೈಸೂರನ್ನು ಮುಟ್ಟಿತು. ಸಾಲದ ಭಾರ ಎಷ್ಟಿತ್ತೆಂದರೆ, 1886ರಲ್ಲಿ ಸಂಸ್ಥಾನವು ತನ್ನ ರೈಲನ್ನು ಸದರನ್ ಮರಾಠ ರೈಲ್ವೆ ಕಂಪನಿಯ ಕೈಗೆ ಒಪ್ಪಿಸಬೇಕಾಯಿತು. ಅಂದಿನ ಜಮಾ–ಖರ್ಚನ್ನಷ್ಟೇ ನೋಡಿ ನಿರ್ಧರಿಸಿದ್ದರೆ ಇಂದು ಮಂಡ್ಯದಲ್ಲಿ ನಿಲ್ದಾಣವೇ ಇರುತ್ತಿರಲಿಲ್ಲ.

ನಮ್ಮ ಕಾಲದಲ್ಲಿ ಸಾರ್ಥಕವಾದ ಖರ್ಚೆಂದರೆ ಜೋಡಿ ಹಳಿ. ಒಂಟಿ ಹಳಿಯ ದಿನಗಳಲ್ಲಿ ಎದುರಿನ ಗಾಡಿ ಬರುವ ತನಕ ನಮ್ಮ ಗಾಡಿಯನ್ನು ಯಾವುದೋ ಸಣ್ಣ ನಿಲ್ದಾಣದಲ್ಲಿ ಕ್ರಾಸಿಂಗಿಗೆ ನಿಲ್ಲಿಸುತ್ತಿದ್ದರು. ಆಫೀಸಿನ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಬಿದ್ದ ಕೆಂಪು ಗೆರೆಗಳಿಗೆಲ್ಲ ಅದೇ ಕಾರಣ. ಜೋಡಿ ಹಳಿಯ ವೆಚ್ಚದಲ್ಲಿ ರಾಜ್ಯ ಸರ್ಕಾರವೂ ಪಾಲು ಹಾಕಿತು. ಶ್ರೀರಂಗಪಟ್ಟಣದಲ್ಲಿ ಹಳಿಯ ದಾರಿಗೆ ಅಡ್ಡವಾಗಿದ್ದ ಟಿಪ್ಪುವಿನ ಕಾಲದ ಶಸ್ತ್ರಾಗಾರವನ್ನು ಕೆಡವದೆ, 2017ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ಅದಾಗುವವರೆಗೆ ವರ್ಷಗಟ್ಟಲೆ, ಉಳಿದೆಡೆ ಎರಡು ಹಳಿ ಇದ್ದರೂ ಆ ತುಣುಕಿನಲ್ಲಿ ಗಾಡಿಗಳು ಒಂದಕ್ಕೊಂದು ಕಾಯಬೇಕಾಗಿತ್ತು. ರೈಲಿಗೆ ಹಾಕುವ ಹಣದ ಗುಣವೇ ಇದು: ಕೊನೆಯ ಒಂದು ಕಿಲೋಮೀಟರ್ ಮುಗಿಯದಿದ್ದರೆ ಮೊದಲಿನ ನೂರು ಕಿಲೋಮೀಟರಿನ ಫಲವೂ ಪೂರ್ತಿ ಕೈಗೆ ಬರುವುದಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಕೋವಿಡ್ ಕಾಲದಲ್ಲಿ ಪ್ಯಾಸೆಂಜರ್ ಗಾಡಿಗಳಿಗೆ ಎಕ್ಸ್‌ಪ್ರೆಸ್ ಎಂಬ ಹೆಸರಿಟ್ಟು ಕನಿಷ್ಠ ದರವನ್ನು 10 ರೂಪಾಯಿಯಿಂದ 30ಕ್ಕೆ ಏರಿಸಿದರು; ಹಳೆಯ ದರ ಮರಳಿದ್ದು 2024ರ ಫೆಬ್ರುವರಿಯಲ್ಲಿ. ಚಾಮರಾಜನಗರದ ಗಾಡಿಯಲ್ಲಿ ಮೈಸೂರಿನಿಂದ ನಂಜನಗೂಡಿಗೆ ಕೂಲಿಗೆ ಹೋಗುವವರಿಗೆ ಮೂರು ಪಟ್ಟು ದರವೆಂದರೆ ರೈಲನ್ನು ಬಿಟ್ಟುಬಿಡಿ ಎಂದ ಹಾಗೆ. ಅದೇ ಅವಧಿಯಲ್ಲಿ, 2022ರ ನವೆಂಬರಿನಲ್ಲಿ ಚೆನ್ನೈ–ಮೈಸೂರು ವಂದೇ ಭಾರತ್ ಆರಂಭವಾದಾಗ ಅದಕ್ಕೆ ಮಧ್ಯೆ ಇದ್ದ ನಿಲುಗಡೆ ಕಾಟ್ಪಾಡಿ ಮತ್ತು ಬೆಂಗಳೂರು ಎರಡೇ. ಗಾಡಿ ಚೆನ್ನಾಗಿದೆ, ನಾನೂ ಹತ್ತಿದ್ದೇನೆ. ಆದರೆ ಕಾರು ಇಟ್ಟುಕೊಳ್ಳುವ ಶಕ್ತಿ ಇರುವವನಿಗೆ ಇನ್ನೊಂದು ಅನುಕೂಲ ಮಾಡಿಕೊಟ್ಟು, ಇಲ್ಲದವನ ಟಿಕೆಟ್ ದರ ಏರಿಸಿದರೆ, ಪ್ಯಾಸೆಂಜರ್ ರೈಲಿಗೆ ಜನ ಬರುತ್ತಿಲ್ಲ ಎಂಬ ತಮ್ಮ ವಾದಕ್ಕೆ ಸಾಕ್ಷಿಯನ್ನು ಸರ್ಕಾರವೇ ಒದಗಿಸಿದಂತಾಗುತ್ತದೆ.

ತಮ್ಮ ಕಡೆಯ ಎರಡು ಆಕ್ಷೇಪಗಳಿಗೆ ಮಾತ್ರ ನನ್ನಲ್ಲಿ ಸುಲಭವಾದ ಉತ್ತರವಿಲ್ಲ. ಮೊದಲನೆಯದು ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣವೇ ಇಲ್ಲ. ಪಾಂಡವಪುರ ನಿಲ್ದಾಣದಲ್ಲಿ ಇಳಿದವರು ಪಾಂಡವಪುರ ಪಟ್ಟಣ ಸೇರಲು ಮತ್ತೆ ಕೆಲವು ಕಿಲೋಮೀಟರ್ ಹೋಗಬೇಕಿರುವಾಗ, ಊರಿನ ನಿಲ್ದಾಣದಿಂದಲೇ ಹೊರಡುವ ಉಚಿತ ಬಸ್ಸನ್ನು ಬಿಟ್ಟು ರೈಲಿಗೆ ಬನ್ನಿ ಎಂದು ನಮ್ಮ ಅಕ್ಕತಂಗಿಯರಿಗೆ ಹೇಳುವ ಮುಖ ನನಗಿಲ್ಲ. ರಾಜ್ಯದ ದುಡ್ಡು ಬಸ್ಸಿಗೆ, ಕೇಂದ್ರದ ದುಡ್ಡು ರೈಲಿಗೆ, ಎರಡರ ವೇಳಾಪಟ್ಟಿ ಒಂದನ್ನೊಂದು ನೋಡುವುದಿಲ್ಲ. ಬೆಳಗಿನ ಮೆಮು (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ಪ್ಯಾಸೆಂಜರ್ ಗಾಡಿ) ಬರುವ ಹೊತ್ತಿಗೆ ನಿಲ್ದಾಣದ ಬಾಗಿಲಿಗೆ ಹಳ್ಳಿಯ ಬಸ್ಸೂ ಬರುವಂತೆ ಮಾಡಲು ಹೊಸ ಹಳಿಯೇನೂ ಬೇಕಿಲ್ಲ.

ಎರಡನೆಯದು, ರೈಲು ಹಳಿಯ ಅಕ್ಕಪಕ್ಕದವರಿಗೆ ಮಾತ್ರ ಎಂಬುದು. ಮಳವಳ್ಳಿಯವರು ಇದನ್ನು ಹೇಳಿದರೆ ತಲೆ ತಗ್ಗಿಸಬೇಕಾಗುತ್ತದೆ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರಕ್ಕೆ ಹೋಗಬೇಕಾದ ಮಾರ್ಗ 1990ರ ದಶಕದಲ್ಲಿ ಮಂಜೂರಾದದ್ದು. ಆ ಹೊತ್ತಿಗೆ ಹುಟ್ಟಿದ ಮಕ್ಕಳು ಈಗ ತಮ್ಮ ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದಾರೆ, ಮಳವಳ್ಳಿ ಮಾತ್ರ ಇನ್ನೂ ರೈಲು ಕಂಡಿಲ್ಲ. ಅಲ್ಲಿನವರು ಬೈಕು, ಕಾರು ಕೊಂಡರೆ ಅದನ್ನು ಅವರ ಆಯ್ಕೆ ಎಂದು ಕರೆಯುವುದು ನ್ಯಾಯವಲ್ಲ.

ಹಾಗೆಂದು ಎಲ್ಲ ಹೊಸ ಮಾರ್ಗಗಳಿಗೂ ಕೈಯೆತ್ತಲಾರೆ. ಮೈಸೂರು–ಕುಶಾಲನಗರದ ಸುಮಾರು 87 ಕಿ.ಮೀ. ಮಾರ್ಗದ ಅಂದಾಜು ವೆಚ್ಚವೇ 1,800 ಕೋಟಿ ರೂಪಾಯಿಗೂ ಮೇಲೆ. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರಿಗೆ, ಓದುವ ಹುಡುಗರಿಗೆ ಅದು ಬೇಕು ಎಂಬುದನ್ನು ಒಪ್ಪುತ್ತೇನೆ. ಕೊಡಗಿನವರಲ್ಲಿ ಹಲವರು ಬೇಡವೆನ್ನುತ್ತಾರೆ. ವಾರಾಂತ್ಯದ ಪ್ರವಾಸಿಗರ ಭಾರವನ್ನು ಈಗಲೇ ಹೊತ್ತಿರುವ ಜಿಲ್ಲೆಯ ಆ ಅಂಜಿಕೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಎರಡರಲ್ಲಿ ಒಂದಕ್ಕೇ ಹಣ ಇದೆ ಎಂದು ನನ್ನನ್ನು ಕೇಳಿದರೆ, ಮಳವಳ್ಳಿಯ ದಾರಿಗೆ ಮೊದಲು ಕೊಡಿ, ಪಿರಿಯಾಪಟ್ಟಣದ ತನಕದ್ದನ್ನು ಆಮೇಲೆ ನೋಡಿ ಎನ್ನುತ್ತೇನೆ. ನಮ್ಮ ಮನೆಯವರ ತವರು ಪಿರಿಯಾಪಟ್ಟಣವಾದ್ದರಿಂದ ಈ ಉತ್ತರವನ್ನು ಅವರಿಗೆ ತೋರಿಸುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.