ಪನೀರ್ ನೀರು ಬತ್ತಿಸಿದರೂ ಹಾಲಿನ ಸಕ್ಕರೆ ಹರಳಾಗುವುದಿಲ್ಲವೇಕೆ?

ಪ್ರಶ್ನೆ: ಉಡುಪಿ ಹತ್ತಿರ ಮನೆಯಲ್ಲೇ ಪನೀರ್ ಮಾಡಿ ಮಾರುತ್ತೇನೆ. ಲಿಂಬೆರಸ ಹಾಕಿ ಹಾಲು ಒಡೆಸಿದ ಮೇಲೆ ಉಳಿಯುವ ನೀರನ್ನು ಬತ್ತಿಸಿ ಹಾಲಿನ ಸಕ್ಕರೆ ತೆಗೆಯಲು ನೋಡಿದೆ. ಹಳದಿ ಅಂಟು ಮಾತ್ರ ಸಿಕ್ಕಿತು. ಮಗಳ ಕಾಲೇಜು ಲ್ಯಾಬಿನಲ್ಲಿ ಶುದ್ಧ ಲ್ಯಾಕ್ಟೋಸ್ (ಅದೇ ಹಾಲಿನ ಸಕ್ಕರೆ) ಕರಗಿಸಿಟ್ಟರೆ ಚಂದದ ಹರಳು ಬಂತಂತೆ. ನಾನು ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಪಾತ್ರೆಯಲ್ಲಿ ಇದ್ದದ್ದು ಸಕ್ಕರೆ ಒಂದೇ ಅಲ್ಲ ಅಮ್ಮ. ಆ ನೀರಿನಲ್ಲಿ ಹಾಲಿನ ಸಕ್ಕರೆ ಶೇ. 5ರ ಆಸುಪಾಸು. ಜೊತೆಗೆ ಲಿಂಬೆಯ ಹುಳಿ, ಆ ಹುಳಿಗೆ ಹಾಲಿನ ಕೇಸಿನ್ ಎಂಬ ಪ್ರೋಟೀನಿನಿಂದ ಬಿಟ್ಟುಬಂದ ಕ್ಯಾಲ್ಸಿಯಂ, ಫಾಸ್ಫೇಟು, ಚೂರುಪಾರು ಪ್ರೋಟೀನು. ನೀರು ಆರಿದಷ್ಟೂ ಇವೆಲ್ಲ ಒಟ್ಟಿಗೇ ದಟ್ಟವಾಗುತ್ತವೆ. ರಸ ಜೋನಿ ಬೆಲ್ಲದ ಹದಕ್ಕೆ ಬರುತ್ತದೆ, ಅಣುಗಳು ಸರಿದು ಹರಳಿನ ಮೈ ಸೇರಲು ಆಗುವುದಿಲ್ಲ. ಹೀಗೆ ಹರಳಾಗದೆ ಒಣಗಿದ ಲ್ಯಾಕ್ಟೋಸ್ ಗಾಳಿಯ ತೇವವನ್ನೂ ಹೀರುತ್ತದೆ. ನಮ್ಮ ಕರಾವಳಿಯ ಜಡಿಮಳೆಯ ಆಟಿ ತಿಂಗಳಲ್ಲಂತೂ ಕೇಳುವುದೇ ಬೇಡ.

ಇನ್ನು ಕೆಲವು ಕಲ್ಮಶಗಳು ಕಣದಷ್ಟಿದ್ದರೂ ಸಾಕು. ಹಾಲಿನಲ್ಲೇ ಇರುವ ಲ್ಯಾಕ್ಟೋಸ್ ಫಾಸ್ಫೇಟ್ (ಫಾಸ್ಫೇಟ್ ಅಂಟಿದ ಲ್ಯಾಕ್ಟೋಸ್) ಹರಳಿನ ಮುಖಕ್ಕೆ ಅಂಟಿಕೊಂಡು ಮುಂದಿನ ಪದರ ಕೂರಲು ಬಿಡುವುದಿಲ್ಲ. ವಿಚಿತ್ರವೆಂದರೆ ಲ್ಯಾಕ್ಟೋಸಿಗೆ ಲ್ಯಾಕ್ಟೋಸೇ ಅಡ್ಡಿ. ನೀರಿನಲ್ಲಿ ಅದು ಆಲ್ಫಾ, ಬೀಟಾ ಎಂಬ ಎರಡು ರೂಪದಲ್ಲಿರುತ್ತದೆ, ಬೀಟಾವೇ ಹೆಚ್ಚು. 93.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹರಳಾಗುವುದು ಆಲ್ಫಾ. ಬೀಟಾ ಹರಳಿನ ಒಂದು ಬದಿಯ ಬೆಳವಣಿಗೆ ತಡೆಯುವುದರಿಂದಲೇ ಹರಳಿಗೆ ಕೊಡಲಿಯಂಥ ಓರೆ ಆಕಾರ.

ಐಸ್‌ಕ್ರೀಮಿನವರಿಗೆ ಬೇಕಾದದ್ದು ಇದೇ ತಡೆ. ಹಾಲಿನ ಪುಡಿ ಹೆಚ್ಚು ಸುರಿದರೆ ಲ್ಯಾಕ್ಟೋಸ್ ದೊಡ್ಡ ಹರಳಾಗಿ ನಾಲಿಗೆಗೆ ಮರಳು ಸಿಕ್ಕಂತಾಗುತ್ತದೆ. ಅದಕ್ಕೇ ಗೋಂದಿನಂಥ ಪದಾರ್ಥ ಬೆರೆಸುತ್ತಾರೆ.

ಪ್ರಯೋಗಕ್ಕಾದರೆ ಹೀಗೆ ಮಾಡಿ. ಬಿಸಿ ಪನೀರ್ ನೀರಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು ನೊರೆ ನಿಲ್ಲುವವರೆಗೆ ಸ್ವಲ್ಪಸ್ವಲ್ಪವೇ ಹಾಕಿ, ಕುದಿಸಿ, ಬಿಸಿಯಿರುವಾಗಲೇ ದಪ್ಪ ಬಟ್ಟೆಯಲ್ಲಿ ಸೋಸಿ. ಹುಳಿ ಮುರಿಯುತ್ತದೆ, ಕ್ಯಾಲ್ಸಿಯಂ ಲವಣಗಳೂ ಬಹುಪಾಲು ಬಟ್ಟೆಯಲ್ಲೇ ಉಳಿಯುತ್ತವೆ. 10 ಲೀಟರ್ 1 ಲೀಟರಿಗೆ ಇಳಿದಾಗ ಒಲೆ ಆರಿಸಿ, ಪೂರ್ತಿ ಬತ್ತಿಸಬೇಡಿ. 100 ಗ್ರಾಂ ನೀರಿಗೆ 80 ಡಿಗ್ರಿಯಲ್ಲಿ ಸುಮಾರು 100 ಗ್ರಾಂ ಲ್ಯಾಕ್ಟೋಸ್ ಕರಗಿದರೆ 20 ಡಿಗ್ರಿಯಲ್ಲಿ 19 ಗ್ರಾಂ ಅಷ್ಟೇ. ಆದ್ದರಿಂದ ತಣಿದಾಗ ಹೊರಬೀಳಲೇಬೇಕು. ಮಗಳಿಂದ ಚಿಟಿಕೆ ಲ್ಯಾಕ್ಟೋಸ್ ಪುಡಿ ತರಿಸಿ ಬೀಜವಾಗಿ ಹಾಕಿ, ಒಂದು ರಾತ್ರಿ ಬಿಡಿ. ಲ್ಯಾಬಿನ ಪುಡಿ ಬಳಸಿದ್ದನ್ನು ತಿನ್ನಬೇಡಿ. ವ್ಯಾಪಾರಕ್ಕೆ ಇಳಿಯುವ ಯೋಚನೆಯಿದ್ದರೆ, 9 ಲೀಟರ್ ನೀರು ಆರಿಸುವ ಗ್ಯಾಸಿನ ಖರ್ಚನ್ನು ಮೊದಲು ಲೆಕ್ಕ ಹಾಕಿ. ಪನೀರ್ ನೀರನ್ನು ಹಾಗೇ ಚಪಾತಿ ಹಿಟ್ಟು ಕಲಸಲು ಬಳಸುವುದೇ ಲಾಭ ಎನ್ನುತ್ತೇನೆ.

ಹರಳಿಗೆ ಹಳದಿ ಛಾಯೆ ಬಂದರೆ ಗಾಬರಿ ಬೇಡ. ಅದು ರೈಬೋಫ್ಲೇವಿನ್, ಹಾಲಿನ ಬಿ2 ಜೀವಸತ್ವ. ಹರಳಿಗೇ ಹಿಡಿದಿರುವುದರಿಂದ ತೊಳೆದರೆ ಪೂರ್ತಿ ಹೋಗದು. ಮತ್ತೆ ಕರಗಿಸಿ, ಇದ್ದಿಲಿನ ಪುಡಿಯಲ್ಲಿ ಸೋಸಿ, ಮತ್ತೊಮ್ಮೆ ಹರಳುಗಟ್ಟಿಸಬೇಕು.